ಮಾವನ ಡಿಟಿಪಿ ಕಂಪ್ಯೂಟರಿನಲ್ಲಿ ಗೇಮ್ ಆಡಿದ್ದು

ಮಲ್ಪೆಯಲ್ಲಿ ಮಾವನದ್ದೊಂದು ಡಿಟಿಪಿ ಅಂಗಡಿ. ಹೊಸ ಕಂಪ್ಯೂಟರ್ ಬಂದ ಮೇಲೆ ಹಳೆಯದು ಮೂಲೆಯಲ್ಲಿ ಬಿದ್ದಿತ್ತು. "ತಕೊಂಡು ಹೋಗು ಮಾರಾಯ, ಜಾಗ ಆದ್ರೂ ಆಗ್ತದೆ" ಅಂದರು. ಐ5-4570, ಅಂದರೆ 2013ರ ಪ್ರೊಸೆಸರ್. 4 ಜಿಬಿ ರ‍್ಯಾಮ್, ಗರಗರ ಅನ್ನುವ ಹಾರ್ಡ್ ಡಿಸ್ಕ್. ನನ್ನ ಕೈಯಲ್ಲಿದ್ದದ್ದು ಹತ್ತು ಸಾವಿರ.

ಗೇಮ್ ಆಡಲು ಬೇಕಾದ ಗ್ರಾಫಿಕ್ಸ್ ಕಾರ್ಡ್ ಹುಡುಕುವ ಮೊದಲು ಕ್ಯಾಬಿನೆಟ್ ಬಿಚ್ಚಿ ಪವರ್ ಸಪ್ಲೈ ಮೇಲಿನ ಸ್ಟಿಕರ್ ಓದಿದೆ. 290 ವ್ಯಾಟ್. ಕಾರ್ಡಿಗೆ ಚುಚ್ಚುವ ಆರು ಪಿನ್ನಿನ ವಯರೇ ಇಲ್ಲ. ಇದನ್ನೇ ಬದಲಿಸೋಣ ಅಂದರೆ ಮದರ್‌ಬೋರ್ಡಿನ ಕನೆಕ್ಟರ್ ಬೇರೆ ನಮೂನೆಯದ್ದು, ಸಾದಾ ಪವರ್ ಸಪ್ಲೈ ಅಡಾಪ್ಟರ್ ಇಲ್ಲದೆ ಕೂರುವುದಿಲ್ಲ. ಹಾಗಾಗಿ ಕಾರ್ಡ್ ಕೂರುವ ಸ್ಲಾಟ್ ಕೊಡುವ 75 ವ್ಯಾಟಿನಲ್ಲೇ ಓಡುವ ಕಾರ್ಡ್ ಬೇಕಿತ್ತು. ಜಿಟಿಎಕ್ಸ್ 1050 ಟಿಐ ಅಥವಾ 1650. ಆದರೆ 1650ರಲ್ಲೂ ಕೆಲವಕ್ಕೆ ಆರು ಪಿನ್ ಬೇಕಾಗುತ್ತದೆ. ಕಾರ್ಡಿನ ಅಂಚಿನ ಫೋಟೋ ಕೇಳದೆ ದುಡ್ಡು ಕೊಡಬೇಡಿ.

ಮೇ ತಿಂಗಳು. ಮಣಿಪಾಲದಲ್ಲಿ ಪರೀಕ್ಷೆ ಮುಗಿಸಿದ ಹುಡುಗರು ಫ್ಯಾನು, ಸೈಕಲ್ಲು, ಕಂಪ್ಯೂಟರ್ ಎಲ್ಲ ಮಾರಿ ಊರಿಗೆ ಹೊರಡುವ ಸಮಯ. ಟೈಗರ್ ಸರ್ಕಲ್ ಹತ್ತಿರದ ಒಂದು ರೂಮಿನಲ್ಲಿ 1650 ಸಿಕ್ಕಿತು, 6,300ಕ್ಕೆ. ಮಾರುವ ಹುಡುಗನ ಕಂಪ್ಯೂಟರಿನಲ್ಲೇ ಇಪ್ಪತ್ತು ನಿಮಿಷ ಗೇಮ್ ಓಡಿಸಿ, ಬಿಸಿ 71 ಡಿಗ್ರಿ ದಾಟದ್ದು ನೋಡಿಯೇ ತಂದೆ. ಹಳೆಯ 8 ಜಿಬಿ ಡಿಡಿಆರ್3 ರ‍್ಯಾಮ್ ಎರಡು, 1,400. ಹಾರ್ಡ್ ಡಿಸ್ಕಿನ ಬದಲು ವೇಗದ ಎಸ್‌ಎಸ್‌ಡಿ, 1,700.

ಜೋಡಿಸಿ ಆನ್ ಮಾಡಿದರೆ ಬೀಪ್ ಬೀಪ್. ಕಡಲ ಪಕ್ಕದ ಅಂಗಡಿ ಅಲ್ವಾ, ಸ್ಕ್ರೂಗಳಿಗೆಲ್ಲ ತುಕ್ಕು. ಟಾರ್ಚ್ ಹಿಡಿದು ನೋಡಿದೆ: ರ‍್ಯಾಮ್ ಸ್ಲಾಟಿನೊಳಗೆ ಧೂಳು ಉಪ್ಪಿನ ಗಾಳಿಗೆ ಹಿಟ್ಟಿನಂತೆ ಅಂಟಿಕೊಂಡಿತ್ತು. ಹೊಸ ಪೇಂಟ್ ಬ್ರಷ್‌ನಲ್ಲಿ ಕೆದಕಿ ತೆಗೆದೆ. ರ‍್ಯಾಮಿನ ಚಿನ್ನದ ಬಣ್ಣದ ಹಲ್ಲುಗಳೂ ಕಪ್ಪಾಗಿದ್ದವು, ಶಾಲೆಯ ಮಕ್ಕಳ ಬಿಳಿ ರಬ್ಬರಿನಿಂದ ಮೆಲ್ಲ ಉಜ್ಜಿದೆ. ಬೀಪ್ ನಿಂತಿತು. ಪ್ರೊಸೆಸರಿನ ಬಿಸಿ ಸಾಗಿಸುವ ಪೇಸ್ಟ್ ಒಣಗಿ ಸುಣ್ಣದ ಹಾಗೆ ಉದುರುತ್ತಿತ್ತು, 150 ರೂಪಾಯಿಯ ಹೊಸ ಟ್ಯೂಬ್ ತಂದೆ.

ಬೀಪ್ ಹೋದರೂ ಮಾನಿಟರ್ ಕಪ್ಪು. ಅರ್ಧ ಗಂಟೆ ತಲೆ ಕೆರೆದುಕೊಂಡೆ. ಮಾನಿಟರಿನ ನೀಲಿ ವಿಜಿಎ ವಯರನ್ನು ಅಭ್ಯಾಸಬಲದಿಂದ ಮದರ್‌ಬೋರ್ಡಿಗೇ ಚುಚ್ಚಿದ್ದೆ! ಕಾರ್ಡಿನಲ್ಲಿ ವಿಜಿಎ ಇರುವುದೇ ಇಲ್ಲ. ಎಚ್‌ಡಿಎಂಐಯಿಂದ ವಿಜಿಎಗೆ ಬದಲಿಸುವ ಅಡಾಪ್ಟರಿಗೆ ಇನ್ನೊಂದು 250. ಒಟ್ಟು 9,800.

ನಿಜ ಹೇಳಬೇಕೆಂದರೆ ದಿನದಿನ ಜಾಸ್ತಿ ಖುಷಿ ಕೊಡುವುದು ಕಾರ್ಡಲ್ಲ, ಎಸ್‌ಎಸ್‌ಡಿ. ಮೊದಲು ಆನ್ ಮಾಡಿ ಚಾ ಕುಡಿದು ಬರಬಹುದಿತ್ತು. ರ‍್ಯಾಮ್ ಕೂಡ ಜೋಡಿಯಾಗಿ ಹಾಕಿ, 8ರ ಒಂದೇ ಕಡ್ಡಿಗಿಂತ 4ರ ಎರಡು ವಾಸಿ, ಎರಡು ದಾರಿಯಲ್ಲಿ ಡೇಟಾ ಓಡುತ್ತದೆ.

ಜಿಟಿಎ 5 ಫುಲ್ ಎಚ್‌ಡಿಯಲ್ಲಿ ಸಲೀಸು. ಕೌಂಟರ್ ಸ್ಟ್ರೈಕ್ 2 ಮಾತ್ರ ಎಳೆಯುತ್ತದೆ: ಕಾರ್ಡ್ ಸುಮ್ನೆ ಕೂತಿರುತ್ತದೆ, ಪ್ರೊಸೆಸರಿನ ನಾಲ್ಕು ಕೋರೂ ನೂರಕ್ಕೆ ನೂರು. ವಿಂಡೋಸ್ 11 ಕೂಡ ಈ ಪ್ರೊಸೆಸರನ್ನು ಒಪ್ಪುವುದಿಲ್ಲ. ಇದೇ ಸಾಕೆಟ್ಟಿಗೆ ಐ7-4770 ಕೂರುತ್ತದೆ, ನಾಲ್ಕು ಕೋರಿಗೆ ಎಂಟು ಥ್ರೆಡ್, ಅಂದರೆ ಒಂದೊಂದು ಕೋರೂ ಒಟ್ಟಿಗೆ ಎರಡು ಕೆಲಸ ಹಿಡಿಯುತ್ತದೆ. ಅದಕ್ಕೆ ಮುಂದಿನ ಮೇ ತಿಂಗಳು ಮತ್ತೆ ಮಣಿಪಾಲದ ಬಸ್ಸು ಹತ್ತಬೇಕು.