ಗೋಡೌನ್ ಮೂಲೇಲಿ ಬಿದ್ದಿರೋ ಹಳೇ ಅನಲಾಗ್ ಮಿಕ್ಸರ್‌ನ ಮತ್ತೆ ಹಾಡಿಸೋದು ಹೆಂಗೆ

ನಮ್ಮ ದಾವಣಗೆರೆಲಿ ಯಾವ ಸೌಂಡ್ ಸರ್ವಿಸ್‌ನೋರ ಗೋಡೌನ್‌ಗೆ ಹೋದ್ರೂ ಮೂಲೇಲಿ ಒಂದು 12 ಚಾನೆಲ್ಲೋ 16 ಚಾನೆಲ್ಲೋ ಹಳೇ ಮಿಕ್ಸರ್ ಗೋಣಿಚೀಲ ಹೊದ್ಕೊಂಡು ಬಿದ್ದಿರುತ್ತೆ. ಮಿಕ್ಸರ್ ಅಂದ್ರೆ ಮೈಕು, ವಾದ್ಯಗಳ ಸೌಂಡೆಲ್ಲಾ ಕೂಡಿಸಿ ಆಂಪ್ಲಿಫೈಯರ್‌ಗೆ ಕಳಿಸೋ ಪೆಟ್ಟಿಗೆ, ಒಂದೊಂದು ಮೈಕಿಗೆ ಒಂದೊಂದು ಚಾನೆಲ್ಲು. ಕಂಪನಿ ನಾಟಕ, ದುರ್ಗಮ್ಮನ ಜಾತ್ರೆ ಆರ್ಕೆಸ್ಟ್ರಾ, ಗಣಪತಿ ಪೆಂಡಾಲು ಎಲ್ಲಾ ಕಂಡಿರೋ ಮಾಲು, ಡಿಜಿಟಲ್ ಬಂದ್ಮೇಲೆ ಕೇಳೋರಿಲ್ಲ, ಕೆಜಿ ಲೆಕ್ಕದಲ್ಲಿ ಗುಜರಿಗೆ ಹೋಗ್ತೈತೆ. ಅಂಥದ್ದು ಕೈಗೆ ಸಿಕ್ರೆ ಬಿಡ್ಬೇಡ್ರಿ. ಅದರಲ್ಲಿರೋದೆಲ್ಲಾ ಕಣ್ಣಿಗೆ ಕಾಣೋ, ಸೋಲ್ಡರಿಂಗ್ ಐರನ್‌ಗೆ ಸಿಗೋ ಪಾರ್ಟ್‌ಗಳು, ಒಂದು ಮಲ್ಟಿಮೀಟರ್ ಸ್ವಲ್ಪ ತಾಳ್ಮೆ ಇದ್ರೆ ಮುಕ್ಕಾಲು ಪಾಲು ಮಿಕ್ಸರ್ ಎದ್ದು ಕೂರ್ತಾವೆ.

ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ. ಹಳೇ ಮಿಕ್ಸರ್ ಅಂದ ತಕ್ಷಣ ಎಲ್ರೂ ಕೊಡೋ ಸಲಹೆ, "ಕೆಪಾಸಿಟರ್ ಎಲ್ಲಾ ಕಿತ್ತು ಹೊಸದು ಹಾಕ್ಬಿಡು ಗುರು" ಅಂತ (ಕೆಪಾಸಿಟರ್ ಅಂದ್ರೆ ಚಾರ್ಜ್ ಹಿಡಿದಿಡೋ ಸಣ್ಣ ಡಬ್ಬಿ ಥರದ ಪಾರ್ಟು). ನಂಗೆ ಒಪ್ಪಿಗೆ ಇಲ್ಲ, ಹೊಟ್ಟೆನೋವು ಅಂತ ಬಂದೋನ ಹಲ್ಲೆಲ್ಲಾ ಕಿತ್ತಂಗೆ ಅದು. ಇನ್ನೂರು ಮುನ್ನೂರು ಕಡೆ ಸೋಲ್ಡರ್ ಎತ್ತಿ ಹಾಕೋವಾಗ ಹಳೇ ಬೋರ್ಡಿನ ಟ್ರ್ಯಾಕ್ ಏಳ್ತಾವೆ, ಎರಡು ಕೆಪಾಸಿಟರ್ ಉಲ್ಟಾ ಕೂರ್ತಾವೆ, ಆಮೇಲೆ ಮೊದ್ಲಿದ್ದ ತೊಂದ್ರೆ ಯಾವ್ದು ನಾವು ತಂದಿದ್ದು ಯಾವ್ದು ಗೊತ್ತಾಗಲ್ಲ. ಮಿಕ್ಸರ್‌ನಲ್ಲಿ ಒಂದು ಅನುಕೂಲ ಐತೆ, ಒಳಗೆ ಒಂದೇ ಸರ್ಕ್ಯೂಟು ಹದಿನಾರು ಸಲ ಪಕ್ಕಪಕ್ಕದಲ್ಲೇ ಇರುತ್ತೆ. ಒಂದು ಚಾನೆಲ್ ಸರಿ ಇದ್ರೆ ಅದೇ ನಿಮ್ ಸರ್ವಿಸ್ ಮ್ಯಾನುಅಲ್ಲು, ಕೆಟ್ಟಿರೋ ಚಾನೆಲ್‌ನ ಅದರ ಜೊತೆ ಹೋಲಿಸ್ತಾ ಹೋದ್ರೆ ಸಾಕು.

ಮೊದಲು ಧೂಳು. ಪ್ಲಗ್ ಹಾಕೋ ಆತುರ ಬೇಡ. ನಾಬ್ ಕೀಳೋ ಮುಂಚೆ ಮೊಬೈಲಲ್ಲಿ ಮೇಲಿಂದ, ಪಕ್ಕದಿಂದ, ಒಳಗಿನ ರಿಬ್ಬನ್ ಕೇಬಲ್‌ಗಳದ್ದು ಹತ್ತಿರದಿಂದ ಫೋಟೋ ಹೊಡ್ಕೊಳ್ರಿ, ಕೇಬಲ್‌ನ ಕೆಂಪು ಗೆರೆ ಯಾವ ಕಡೆ ಐತೆ ಅನ್ನೋದು ಕಾಣ್ಬೇಕು. ಆಮೇಲೆ ತಳದ ಸ್ಕ್ರೂ ಬಿಚ್ಚಿ ಪೇಂಟ್ ಬ್ರಷ್ಷು, ಬ್ಲೋವರ್ ಹಿಡೀರಿ. ಜಗಳೂರು ಚಳ್ಳಕೆರೆ ಕಡೆ ಪ್ರೋಗ್ರಾಮ್ ಮಾಡಿರೋ ಮಿಕ್ಸರ್ ಆದ್ರೆ ಒಣ ಮಣ್ಣು, ಅದು ಊದಿದ್ರೆ ಹೋಗುತ್ತೆ. ಮಂಡಕ್ಕಿ ಭಟ್ಟಿ ಆಸುಪಾಸಿನ ಗೋಡೌನ್‌ದಾದ್ರೆ ಜಿಡ್ಡು ಮಸಿ ಹಿಡ್ದಿರುತ್ತೆ, ಅದಕ್ಕೆ ಐಸೋಪ್ರೊಪೈಲ್ ಆಲ್ಕೋಹಾಲ್ ಬ್ರಷ್ಷಲ್ಲಿ ಹಚ್ಚಿ ಒರೆಸ್ಬೇಕು. ಇನ್ನು ಫೇಡರ್ (ಸೌಂಡ್ ಏರಿಸಿ ಇಳಿಸೋ ಜಾರು ಗುಂಡಿ) ಸಂದೀಲಿ ಮಂಡಕ್ಕಿ ಸಿಗದೇ ಇರೋ ಮಿಕ್ಸರ್ ನಾನಂತೂ ನೋಡಿಲ್ಲ, ಆಪರೇಟರ್‌ಗಳು ಅಲ್ಲೇ ಪೇಪರ್ ಹಾಸಿ ಮಿರ್ಚಿ ತಿಂದಿರ್ತಾರೆ, ಎಣ್ಣೆ ಸಮೇತ. ನಾಬ್‌ಗಳನ್ನ ಉಗುರು ಬೆಚ್ಚಗಿನ ನೀರಲ್ಲಿ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ ನೆನೆಸಿಡ್ರಿ. ಮೇಲಿನ ಪ್ಯಾನಲ್‌ಗೆ ಮಾತ್ರ ಥಿನ್ನರ್, ಪೆಟ್ರೋಲ್ ಮುಟ್ಟಿಸ್ಬೇಡ್ರಿ, ಅಕ್ಷರಗಳೇ ಅಳಿಸಿ ಹೋಗ್ತಾವೆ, ಒದ್ದೆ ಬಟ್ಟೆ ಸಾಕು.

ಈಗ ಪವರ್ ಸಪ್ಲೈ. ಇಲ್ಲಿ ಹುಷಾರು, ಟ್ರಾನ್ಸ್‌ಫಾರ್ಮರ್ ಪ್ರೈಮರಿ ಕಡೆ 230 ವೋಲ್ಟ್ ಇರುತ್ತೆ, ಮೇನ್ಸ್ ಕೆಲಸ ರೂಢಿ ಇಲ್ದೋರು ಗೊತ್ತಿರೋರನ್ನ ಪಕ್ಕದಲ್ಲಿ ಕೂರಿಸ್ಕೊಂಡೇ ಮಾಡ್ರಿ. ವರ್ಷಗಟ್ಟಲೆ ಆಫ್ ಆಗಿದ್ದ ಮಿಕ್ಸರ್‌ನ ನೇರ ಪ್ಲಗ್‌ಗೆ ಹಾಕಂಗಿಲ್ಲ, ಸೀರೀಸ್ ಬಲ್ಬ್ ಮೂಲಕ, ಅಂದ್ರೆ ಮೇನ್ಸ್ ಕರೆಂಟ್ ಒಂದು ಬಲ್ಬ್ ದಾಟಿಯೇ ಮಿಕ್ಸರ್‌ಗೆ ಬರಂಗೆ ಹಾಕ್ಬೇಕು. 60 ವ್ಯಾಟಿನ ಹಳೇ ತಂತಿ ಬಲ್ಬು, ಎಲ್‌ಇಡಿ ನಡೆಯಲ್ಲ. ಸ್ವಿಚ್ ಹಾಕ್ದಾಗ ಬಲ್ಬ್ ಪಳಕ್ ಅಂದು ಮಂಕಾದ್ರೆ ಒಳಗೆ ಶಾರ್ಟ್ ಇಲ್ಲ ಅಂತ ಅರ್ಥ, ಫುಲ್ಲಾಗಿ ಉರೀತಾನೇ ಇದ್ರೆ ತಕ್ಷಣ ಆಫ್ ಮಾಡಿ ಬ್ರಿಡ್ಜ್ ರೆಕ್ಟಿಫೈಯರ್ (ಎಸಿ ಕರೆಂಟ್‌ನ ಡಿಸಿ ಮಾಡೋದು), ದೊಡ್ಡ ಫಿಲ್ಟರ್ ಕೆಪಾಸಿಟರ್‌ಗಳನ್ನ ನೋಡ್ರಿ. ಆಫ್ ಮಾಡಿದ್ಮೇಲೂ ಕೆಪಾಸಿಟರ್‌ನಲ್ಲಿ ಚಾರ್ಜ್ ನಿಂತಿರುತ್ತೆ, ಅದ್ರಲ್ಲೂ ಕಂಡೆನ್ಸರ್ ಮೈಕ್‌ಗೆ ಹೋಗೋ 48 ವೋಲ್ಟ್ ಫ್ಯಾಂಟಮ್ ಲೈನಿಂದು, ಒಂದು ಕಿಲೋ ಓಮ್ 5 ವ್ಯಾಟ್ ರೆಸಿಸ್ಟರ್‌ನ ಕೆಪಾಸಿಟರ್‌ನ ಎರಡೂ ಕಾಲಿಗೆ ಅಡ್ಡ ಹಿಡಿದು ಇಳಿಸಿ ಆಮೇಲೆ ಕೈ ಹಾಕ್ರಿ.

ಶಾರ್ಟ್ ಇಲ್ಲ ಅಂತಾದ್ಮೇಲೆ ಬಲ್ಬ್ ತೆಗೆದು ವೋಲ್ಟೇಜ್ ಅಳೀರಿ. ಸಾಮಾನ್ಯವಾಗಿ ಪ್ಲಸ್ 15 ಮೈನಸ್ 15 ಇಂದ ಪ್ಲಸ್ 18 ಮೈನಸ್ 18 ಒಳಗೆ ಇರುತ್ತೆ, ಎರಡೂ ಕಡೆ ಸಮ ಇರ್ಬೇಕು. ಒಂದು ಕಡೆ ಇಳಿದಿದ್ರೆ ಮೊದ್ಲು ರೆಗ್ಯುಲೇಟರ್ (ವೋಲ್ಟೇಜ್‌ನ ಒಂದೇ ಮಟ್ಟಕ್ಕೆ ಹಿಡಿಯೋ ಪಾರ್ಟು) ಮೇಲೆ ಅನುಮಾನ ಪಡ್ರಿ. ಪ್ಲಸ್ 15 ಕೊಡೋ 7815 ಮತ್ತೆ ಮೈನಸ್ 15 ಕೊಡೋ 7915 ನೋಡಕ್ಕೆ ಒಂದೇ ಥರ ಆದ್ರೂ ಕಾಲುಗಳ ಕ್ರಮ ಬೇರೆ. 7815ರ ಬೆನ್ನಿನ ತಗಡು ಗ್ರೌಂಡ್, 7915ರದ್ದು ಇನ್‌ಪುಟ್, ಅಂದ್ರೆ ಅದರಡಿ ಮೈಕಾ ಶೀಟ್ ಹಾಕದೇ ಹೀಟ್‌ಸಿಂಕ್‌ಗೆ ಬಿಗಿದ್ರೆ ನೆಗೆಟಿವ್ ಸಪ್ಲೈ ಸೀದಾ ಚಾಸಿಗೆ (ಮಿಕ್ಸರ್‌ನ ತಗಡಿನ ಮೈಗೆ) ಶಾರ್ಟ್. ಬೇರೆಯೋರು ಮುಂಚೆ ರಿಪೇರಿ ಮಾಡಿರೋ ಸೆಟ್ ಆದ್ರೆ ಇದನ್ನ ನೋಡ್ದೇ ಮುಂದೆ ಹೋಗ್ಬೇಡ್ರಿ.

ಹೊಸ ಕೆಪಾಸಿಟರ್ ಕಣ್ಣು ಮುಚ್ಕೊಂಡು ಹಾಕ್ಬೋದಾದ ಒಂದೇ ಜಾಗ ಅಂದ್ರೆ ಈ ಪವರ್ ಸಪ್ಲೈ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಶಾಖಕ್ಕೆ ಸೊರಗುತ್ತೆ, 10 ಡಿಗ್ರಿ ಕಡಿಮೆಯಾದ್ರೆ ಆಯಸ್ಸು ಹೆಚ್ಚುಕಡಿಮೆ ಎರಡರಷ್ಟು ಅನ್ನೋದು ರೂಢಿ ಲೆಕ್ಕ. ನಮ್ಮಲ್ಲಿ ಏಪ್ರಿಲ್‌ನಲ್ಲಿ ತಗಡಿನ ಶೀಟ್ ಗೋಡೌನ್ ಒಳಗಿನ ಕಾವು ನಿಮಗೇ ಗೊತ್ತಲ್ಲ, ಅದಕ್ಕೆ 85 ಡಿಗ್ರಿದು ಬೇಡ, 105 ಡಿಗ್ರಿ ಅಂತ ಬರ್ದಿರೋದೇ ತಗೊಳ್ರಿ, ವೋಲ್ಟೇಜ್ ಹಳೇದರಷ್ಟೋ ಜಾಸ್ತಿನೋ ಇರ್ಲಿ, ಮೈನಸ್ ಗೆರೆ ಎರಡು ಸಲ ನೋಡಿ ಹಾಕ್ರಿ.

ಆಮೇಲೆ ಬರೋದು ನಂಗೆ ಇಷ್ಟವಾದ ಕೆಲಸ, ಚಾನೆಲ್ ಪರೀಕ್ಷೆ. ಮೊಬೈಲಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿ ಲೈನ್ ಇನ್‌ಪುಟ್‌ಗೆ ಕೊಡ್ರಿ. ಎಲ್ರೂ 1000 ಹರ್ಟ್ಜ್ ಅಂತಾರೆ, ಆದ್ರೆ ಕಡಿಮೆ ಬೆಲೆ ಮಲ್ಟಿಮೀಟರ್‌ನ ಎಸಿ ರೇಂಜು 400 ಹರ್ಟ್ಜ್ ದಾಟಿದ್ರೆ ಸುಳ್ಳು ತೋರ್ಸೋದು ಜಾಸ್ತಿ, ಅದಕ್ಕೆ 300 ಇಟ್ಕೊಂಡ್ರೆ ನೆಮ್ಮದಿ. ಎಲ್ಲಾ ಇಕ್ಯೂ (ಬಾಸ್, ಟ್ರೆಬಲ್ ನಾಬ್‌ಗಳು) ಮಧ್ಯಕ್ಕೆ, ಗೇನ್ (ಒಳಗೆ ಬರೋ ಸಿಗ್ನಲ್ ಹಿಗ್ಗಿಸೋ ನಾಬ್) ಒಂದೇ ಮಟ್ಟಕ್ಕೆ, ಫೇಡರ್ ಸೊನ್ನೆ ಗೆರೆಗೆ ಇಟ್ಟು ಒಂದೊಂದೇ ಚಾನೆಲ್‌ಗೆ ಟೋನ್ ಕೊಟ್ಟು ಮೇನ್ ಔಟ್‌ನಲ್ಲಿ ಎಷ್ಟು ಬಂತು ಅಂತ ಹಾಳೆ ಮೇಲೆ ಬರ್ಕೊಳ್ರಿ. ಆಮೇಲೆ 50 ಹರ್ಟ್ಜ್‌ಗೆ ಇಳಿಸಿ ಮತ್ತೊಂದು ಸುತ್ತು, ಲೋ ಕಟ್ ಬಟನ್ (ಬಾಸ್ ಕತ್ತರಿಸೋದು) ಇದ್ರೆ ಅದು ಒತ್ತದೇ ಮೇಲೆದ್ದಿರ್ಲಿ. 300ರಲ್ಲಿ ಎಲ್ಲಾ ಸಮ ಬಂದು 50ರಲ್ಲಿ ಒಂದೇ ಚಾನೆಲ್ ಬಿದ್ದು ಹೋದ್ರೆ ಅದರ ಕಪ್ಲಿಂಗ್ ಕೆಪಾಸಿಟರ್ (ಡಿಸಿ ತಡೆದು ಸೌಂಡ್ ಮಾತ್ರ ಮುಂದಕ್ಕೆ ಬಿಡೋದು) ಒಣಗಿದೆ ಅಂತ, ತಬಲಾ ಡಗ್ಗಾ ಸೌಂಡು ಸಪ್ಪೆ ಅಂತ ಹಾಡೋರು ಗೊಣಗ್ತಾರಲ್ಲ ಅದೇ. ಇಂಥ ಚಾನೆಲ್ ಸಿಕ್ಕಾಗ ಮಾತ್ರ ಕೆಪಾಸಿಟರ್ ಚೇಂಜ್ ಮಾಡ್ರಿ.

ಪೂರ್ತಿ ಸತ್ತಿರೋ ಚಾನೆಲ್ ಇದ್ರೆ ಐರನ್ ಬಿಸಿ ಮಾಡೋಕ್ ಮುಂಚೆ ಇನ್ಸರ್ಟ್ ಜಾಕ್ (ಹೊರಗಿನ ಎಫೆಕ್ಟ್ ಪೆಟ್ಟಿಗೆನ ಚಾನೆಲ್ ಮಧ್ಯೆ ಸೇರಿಸೋ ತೂತು) ನೋಡ್ರಿ. ಏನೂ ಚುಚ್ಚದೇ ಇದ್ದಾಗ ಸಿಗ್ನಲ್ ಆ ಜಾಕ್ ಒಳಗಿನ ಸಣ್ಣ ಎಲೆಗಳ ಮೂಲಕವೇ ದಾಟಿ ಹೋಗೋದು, ಅಲ್ಲಿ ಕಿಲುಬು ಕೂತ್ರೆ ಚಾನೆಲ್ ಬಂದ್. ಒಂದು ಸ್ಟೀರಿಯೋ ಪಿನ್ ತಗೊಂಡು ಅದರ ತುದಿ ಮತ್ತೆ ರಿಂಗ್ ಎರಡನ್ನೂ ಸೇರಿಸಿ ಸೋಲ್ಡರ್ ಮಾಡಿ ಇಟ್ಕೊಂಡಿರ್ರಿ, ಅದನ್ನ ಇನ್ಸರ್ಟ್‌ಗೆ ಚುಚ್ಚಿದ ತಕ್ಷಣ ಸೌಂಡ್ ಬಂತು ಅಂದ್ರೆ ತಪ್ಪೆಲ್ಲಾ ಜಾಕಿಂದೇ. ಪಿನ್‌ಗೆ ಕಾಂಟ್ಯಾಕ್ಟ್ ಕ್ಲೀನರ್ ಹಚ್ಚಿ ಹತ್ತಿಪ್ಪತ್ತು ಸಲ ಒಳಗೆ ಹೊರಗೆ ಆಡಿಸಿದ್ರೆ ಎಷ್ಟೋ ಚಾನೆಲ್‌ಗಳು ಅಷ್ಟಕ್ಕೇ ಸರಿ ಹೋಗ್ತಾವೆ. ರಿಬ್ಬನ್ ಕೇಬಲ್ ಕನೆಕ್ಟರ್‌ಗೂ ಇದೇ ಉಪಚಾರ, ಕಿತ್ತು ಮತ್ತೆ ಕೂರ್ಸೋದು. ಜೊತೆಗೆ ಲಗೇಜ್ ಆಟೋಲಿ ಹಳ್ಳಿ ಹಳ್ಳಿ ಕುಲುಕಾಡಿರೋ ಸೆಟ್‌ಗಳಲ್ಲಿ ಮೈಕ್ ಸಾಕೆಟ್ ಮತ್ತೆ ನಾಬ್ ಕೆಳಗಿನ ಪಾಟ್‌ಗಳ ಕಾಲಿನ ಸುತ್ತ ಸೋಲ್ಡರ್ ಉಂಗುರದಂತೆ ಬಿರುಕು ಬಿಟ್ಟಿರುತ್ತೆ, ಬರೀ ಕಣ್ಣಿಗೆ ಕಾಣಲ್ಲ, ಭೂತಗನ್ನಡಿ ಇಟ್ಟು ಟಾರ್ಚ್ ಓರೆ ಹಿಡಿದ್ರೆ ಕಾಣುತ್ತೆ, 60/40 ಸೀಸದ ಸೋಲ್ಡರ್ ಸ್ವಲ್ಪ ಕೊಟ್ಟು ಕರಗಿಸ್ರಿ.

ಫೇಡರ್ ಕರಕರ. ಇದಕ್ಕೆ ಜನ ಮಾಡೋ ಅನಾಹುತ ನೋಡಿದ್ರೆ ಹೊಟ್ಟೆ ಉರಿಯುತ್ತೆ, ಹೊಲಿಗೆ ಮಷೀನ್ ಎಣ್ಣೆ ಬಿಡ್ತಾರೆ, ತುಕ್ಕಿಗೆ ಹೊಡೆಯೋ ಡಬ್ಲ್ಯೂಡಿ-40 ಹೊಡೀತಾರೆ, ಒಂದು ವಾರ ಚೆನ್ನಾಗಿರುತ್ತೆ, ಆಮೇಲೆ ಅದೇ ಎಣ್ಣೆಗೆ ಧೂಳು ಮೆತ್ಕೊಂಡು ಮೊದಲಿಗಿಂತ ಕಡೆ ಆಗುತ್ತೆ. ಸರಿಯಾದ ದಾರಿ, ಫೇಡರ್ ಬಿಚ್ಚಿ ಮೇಲಿನ ತಗಡಿನ ಕಿವಿಗಳನ್ನ ಮೆಲ್ಲಗೆ ಎತ್ತಿದ್ರೆ ಒಳಗೆ ಕಪ್ಪು ಕಾರ್ಬನ್ ಪಟ್ಟಿ, ಅದರ ಮೇಲೆ ಓಡೋ ಕೂದಲೆಳೆ ಥರದ ಬೆರಳುಗಳು ಕಾಣ್ತಾವೆ. ಆ ಬೆರಳು ಬಗ್ಗಿಸ್ಬೇಡ್ರಿ. ಹತ್ತಿ ಕಡ್ಡಿಗೆ ಆಲ್ಕೋಹಾಲ್ ಹಚ್ಚಿ ಪಟ್ಟಿ ಮೇಲೆ ಉಜ್ಜದೇ ಎಳೀರಿ, ಒಣಗಿದ್ಮೇಲೆ ಫೇಡರ್‌ಗೆ ಅಂತಲೇ ಬರೋ ಲೂಬ್ರಿಕೆಂಟ್ ಒಂದು ಹನಿ. ಪಟ್ಟಿ ಸವೆದು ಬಿಳಿ ಗೆರೆ ಕಂಡ್ರೆ ಉಪಚಾರ ಇಲ್ಲ, ಹೊಸದೇ ಹಾಕ್ಬೇಕು, ತರಿಸೋವಾಗ ಉದ್ದ 60 ಮಿಮೀ ನೋ 100 ಮಿಮೀ ನೋ, ಕಾಲುಗಳ ಅಂತರ ಎಷ್ಟು, ಮೇಲೆ ಬರ್ದಿರೋ 10ಕೆ ಪಕ್ಕದ ಅಕ್ಷರ ಯಾವ್ದು ಇಷ್ಟು ನೋಡ್ಕೊಳ್ರಿ. ಜಪಾನ್ ಮಾಲಲ್ಲಿ ಎ ಅಂದ್ರೆ ಲಾಗ್ (ಕಿವಿಗೆ ಒಗ್ಗೋ ಹಂಗೆ ಏರೋದು), ಬಿ ಅಂದ್ರೆ ಲೀನಿಯರ್ (ಒಂದೇ ಸಮ ಏರೋದು).

ಕ್ಲೀನ್ ಮಾಡಿದ್ಮೇಲೂ ಕರಕರ ಹೋಗ್ಲಿಲ್ವಾ? ಹಂಗಾದ್ರೆ ಫೇಡರ್‌ನ ಬೈಬೇಡ್ರಿ, ಅದ್ರ ಮೇಲೆ ಡಿಸಿ ಕೂತಿದೆ. ಮೀಟರ್‌ನ ಕಪ್ಪು ವೈರ್ ಗ್ರೌಂಡ್‌ಗೆ ಇಟ್ಟು ಕೆಂಪು ವೈರ್ ಫೇಡರ್ ಕಾಲಿಗೆ ಮುಟ್ಟಿಸ್ರಿ, ಡಿಸಿ ಎರಡು ಮೂರು ಮಿಲಿವೋಲ್ಟ್ ಇದ್ರೆ ಸರಿ, ನೂರಾರು ಬಂದ್ರೆ ಅದಕ್ಕಿಂತ ಮುಂಚಿನ ಕಪ್ಲಿಂಗ್ ಕೆಪಾಸಿಟರ್ ಲೀಕ್ ಆಗ್ತೈತೆ. ಪಕ್ಕದ ಒಳ್ಳೇ ಚಾನೆಲ್‌ನಲ್ಲೂ ಅದೇ ಜಾಗ ಅಳೆದು ನೋಡಿದ್ರೆ ಅನುಮಾನ ಉಳಿಯಲ್ಲ.

ಐಸಿ ಪರೀಕ್ಷೆನೂ ಹಿಂಗೇ. ಸಿಗ್ನಲ್ ಹಿಗ್ಗಿಸೋ ಎಂಟು ಕಾಲಿನ 4558, ಟಿಎಲ್072, ಎನ್‌ಇ5532 ಇವೇ ಜಾಸ್ತಿ ಇರೋದು, ಮೂರಕ್ಕೂ 8ನೇ ಕಾಲು ಪ್ಲಸ್, 4ನೇದು ಮೈನಸ್, 1 ಮತ್ತು 7 ಔಟ್‌ಪುಟ್. ಔಟ್‌ಪುಟ್‌ನಲ್ಲಿ ಡಿಸಿ ಸೊನ್ನೆ ಹತ್ರ ಇರ್ಬೇಕು, 13 ವೋಲ್ಟೋ ಮೈನಸ್ 13ಓ ತೋರಿಸಿದ್ರೆ ಆ ಐಸಿ ಹೋಗಿರೋ ಸಾಧ್ಯತೆನೇ ಜಾಸ್ತಿ, ಕತ್ತರಿಸಿ ತೆಗೆದು ಸಾಕೆಟ್ ಹಾಕ್ರಿ. ಯಾವ ಐಸಿ ಇತ್ತೋ ಅದನ್ನೇ ಹಾಕ್ರಿ, 072 ಜಾಗಕ್ಕೆಲ್ಲಾ 5532 ಹಾಕಿ ಅಪ್‌ಗ್ರೇಡ್ ಅನ್ನೋ ಆಸೆ ಬೇಡ. 072 ಒಂದಕ್ಕೆ ಹೆಚ್ಚುಕಡಿಮೆ 3 ಮಿಲಿಆ್ಯಂಪ್ ಸಾಕು, 5532 ಸುಮಾರು 8 ಎಳೆಯುತ್ತೆ, ಹದಿನಾರು ಚಾನೆಲ್‌ಗೆ ಲೆಕ್ಕ ಹಾಕಿದ್ರೆ ಪವರ್ ಸಪ್ಲೈ ಬೆವರುತ್ತೆ, ಮೇಲಿಂದ ಅದರ ಇನ್‌ಪುಟ್ ಕರೆಂಟಿಂದ ಪಾಟ್‌ಗಳ ಮೇಲೆ ಡಿಸಿ ಬಂದು ಮತ್ತೆ ಕರಕರ. ಪಾರ್ಟ್‌ಗಳು ಊರಲ್ಲೇ ಟಿವಿ ರಿಪೇರಿ ಸಾಮಾನಿನ ಅಂಗಡೀಲಿ ಎಷ್ಟೋ ಸಿಗ್ತಾವೆ, ಫೇಡರ್‌ನಂಥವಕ್ಕೆ ಬೆಂಗಳೂರಿನ ಎಸ್‌ಪಿ ರೋಡೇ ಗತಿ. ತೀರಾ ಕಡಿಮೆ ರೇಟಿನ ಐಸಿ ಕಂಡ್ರೆ ಡೂಪ್ಲಿಕೇಟ್ ಅನ್ಕೊಂಡೇ ಮುಟ್ರಿ.

ಹಮ್ಮಿಂಗ್ (ಗುಂಯ್ ಅನ್ನೋ ಸದ್ದು) ಉಳಿದಿದ್ರೆ ಕಿವಿಗೊಟ್ಟು ಕೇಳ್ರಿ. ಆ್ಯಪ್‌ನಲ್ಲಿ 50 ಮತ್ತೆ 100 ಹರ್ಟ್ಜ್ ಹಾಕಿ ಹೆಡ್‌ಫೋನಲ್ಲಿ ಹೋಲಿಸಿದ್ರೆ ಯಾವ್ದು ಅಂತ ತಿಳಿಯುತ್ತೆ. 100 ಆದ್ರೆ ಪವರ್ ಸಪ್ಲೈ ಫಿಲ್ಟರ್ ಸಾಲ್ತಿಲ್ಲ, 50 ಆದ್ರೆ ಅರ್ಥಿಂಗ್ ಲೂಪೋ (ಅರ್ಥ್‌ಗೆ ಎರಡು ದಾರಿ ಆಗಿ ಸುತ್ತೋ ಕರೆಂಟು) ಕೇಬಲ್ ಶೀಲ್ಡೋ. ಹಮ್ ಹೋಗ್ಲಿ ಅಂತ ಪ್ಲಗ್‌ನ ಅರ್ಥ್ ಪಿನ್ ಕತ್ತರಿಸೋ ಕೆಲಸ ಯಾರೇ ಹೇಳಿದ್ರೂ ಮಾಡಂಗಿಲ್ಲ, ಮಳೆಗಾಲದ ಪೆಂಡಾಲಲ್ಲಿ ಮೈಕ್ ಹಿಡಿದು ನಿಂತೋನ ಜೀವದ ಪ್ರಶ್ನೆ ಅದು. ಮಿಕ್ಸರ್‌ಗೂ ಆಂಪ್ಲಿಫೈಯರ್‌ಗೂ ಒಂದೇ ಬೋರ್ಡಿಂದ ಕರೆಂಟ್ ತಗೊಳ್ರಿ, ಲೂಪ್ ಅರ್ಧ ಅಲ್ಲೇ ಕಮ್ಮಿ ಆಗುತ್ತೆ.

ಎಲ್ಲಾ ಮುಗಿದ್ಮೇಲೆ ತಳ ಮುಚ್ಚಿ, ಹಾಡು ಹಾಕಿ, ಒಂದಿಡೀ ಮಧ್ಯಾಹ್ನ ಸೆಕೇಲಿ ಓಡಿಸಿ ಬಿಡ್ರಿ, ತಣ್ಣಗಿದ್ದಾಗ ಸುಮ್ನಿದ್ದ ಬಿರುಕುಗಳು ಕಾವು ಏರಿದಾಗ ಬಾಯಿ ಬಿಡ್ತಾವೆ. ಅದೇ ಹಾಳೆ ತಗೊಂಡು ಟೋನ್ ಕೊಟ್ಟು ಇನ್ನೊಂದು ಸಲ ಅಳೆದು ಪಕ್ಕದಲ್ಲಿ ಹೊಸ ಅಂಕಿ ಬರೀರಿ, ಆ ಹಾಳೆನ ಮಡಚಿ ತಳದ ಕವರ್ ಒಳಗೇ ಅಂಟಿಸಿಡ್ರಿ, ಮುಂದೆ ಬಿಚ್ಚೋರಿಗೆ ಆಗುತ್ತೆ. ಇನ್ನು ಆನ್ ಮಾಡೋವಾಗ ಮೊದ್ಲು ಮಿಕ್ಸರ್ ಆಮೇಲೆ ಆಂಪ್ಲಿಫೈಯರ್, ಆಫ್ ಮಾಡೋವಾಗ ಮೊದ್ಲು ಆಂಪ್ಲಿಫೈಯರ್, ಇಲ್ಲಾಂದ್ರೆ ಆ ಧಡ್ ಅನ್ನೋ ಸೌಂಡಿಗೆ ಸ್ಪೀಕರ್ ಕಾಯಿಲ್ ಬಿಲ್ಲು ಬೇರೆ ಕಟ್ಬೇಕಾಗುತ್ತೆ.