ದೋಸೆ ಹುಯ್ದು ಪಳಗಿದ ಕೈಗೆ ಪ್ಯಾನ್‌ಕೇಕ್

ನಲವತ್ತು ವರ್ಷ ದೋಸೆ ಹುಯ್ದ ಕೈಗೆ ಪ್ಯಾನ್‌ಕೇಕ್ ಅಷ್ಟು ಸುಲಭವಾಗಿ ಒಲಿಯುವುದಿಲ್ಲ ಎಂಬುದು ನನಗೆ ತಿಳಿದದ್ದು, ಮೊಮ್ಮಕ್ಕಳ ಒತ್ತಾಯಕ್ಕೆ ಮಣಿದು ಅದನ್ನು ಮೊದಲ ಸಲ ಮಾಡಿದ ದಿನ. ಗಂಟೊಂದೂ ಉಳಿಯದಂತೆ ಹಿಟ್ಟನ್ನು ಚೆನ್ನಾಗಿ ಕಲಸಿ, ಗಂಟೆ ಹೊತ್ತು ಮುಚ್ಚಿಟ್ಟು, ಚುರುಚುರು ಕಾದ ಕಾವಲಿಯ ಮೇಲೆ ಸೌಟಿನಿಂದ ದುಂಡಗೆ ಹರಡಿದೆ. ಬಂದದ್ದು ದೋಸೆಯೂ ಅಲ್ಲ, ಪ್ಯಾನ್‌ಕೇಕೂ ಅಲ್ಲ, ಎಳೆದರೆ ಹಿಗ್ಗುವ ತೊಗಲು. ಅಳತೆಯಲ್ಲಿ ತಪ್ಪಿರಲಿಲ್ಲ, ಕೈಯ ಅಭ್ಯಾಸದಲ್ಲಿತ್ತು.

ದೋಸೆಹಿಟ್ಟು ರಾತ್ರಿಯಿಡೀ ಹುದುಗಿ ತಾನೇ ಗುಳ್ಳೆ ಕಟ್ಟಿಕೊಳ್ಳುತ್ತದೆ, ಪ್ಯಾನ್‌ಕೇಕಿಗೆ ಆ ಪುರುಸೊತ್ತಿಲ್ಲ. ಇಲ್ಲಿ ಅಡುಗೆ ಸೋಡಾ ಮೊಸರಿನ ಹುಳಿಯೊಡನೆ ಸೇರಿದ ಕೂಡಲೇ ಅನಿಲ ಹೊರಡುತ್ತದೆ. ಅದು ಹಿಟ್ಟಿನಲ್ಲಿ ಉಳಿದಿರುವಾಗಲೇ ಕಾವಲಿಗೆ ಬೀಳಬೇಕು. ಎರಡನೆಯದಾಗಿ, ಉದ್ದು ಅಕ್ಕಿಯ ಹಿಟ್ಟನ್ನು ಎಷ್ಟು ಕಲಸಿದರೂ ಕೆಡುಕಿಲ್ಲ. ಗೋಧಿಯಲ್ಲಿ ಗ್ಲುಟೆನ್ ಇರುವುದರಿಂದ ಕಲಸಿದಷ್ಟೂ ಜಿಗುಟು ಬಲಿಯುತ್ತದೆ. ಚಪಾತಿಗೆ ಬೇಕಾದ ಗುಣವೇ ಇಲ್ಲಿ ಶತ್ರು. ಆದ್ದರಿಂದ ಒಣ ಹಿಟ್ಟು ಕಾಣದಾಗುವವರೆಗೆ ಹತ್ತು ಹದಿನೈದು ಸುತ್ತು ಮಾತ್ರ ತಿರುವಿ, ಸಣ್ಣ ಗಂಟುಗಳು ಕಂಡರೂ ಸುಮ್ಮನೆ ಬಿಟ್ಟುಬಿಡಬೇಕು. ಅವು ಬೇಯುವಾಗ ತಾವಾಗಿ ಕರಗುತ್ತವೆ.

ಅಂಗಡಿಯಲ್ಲಿ ಸಿಗುವ ಪೊಟ್ಟಣದ ಮಿಶ್ರಣಗಳಲ್ಲಿ ಬಹುಪಾಲು ಮೈದಾ ಮತ್ತು ಸಕ್ಕರೆಯೇ ಇರುವುದರಿಂದ, ಅದನ್ನು ತಿಂದು ಶಾಲೆಗೆ ಹೋದ ಮಕ್ಕಳಿಗೆ ಬಲುಬೇಗ ಹಸಿವಾಗುತ್ತದೆ. ಹೊಟ್ಟೆಯಲ್ಲಿ ನಿಲ್ಲುವಂತಹುದು ಬೇಕಾದರೆ ಗಿರಣಿಯಲ್ಲಿ ಬೀಸಿಸಿದ ಗೋಧಿ ಹಿಟ್ಟು 1 ಬಟ್ಟಲಿಗೆ ರಾಗಿ ಹಿಟ್ಟು ಅರ್ಧ ಬಟ್ಟಲು ಸೇರಿಸಬೇಕು. ಬಟ್ಟಲೆಂದರೆ 240 ಮಿಲಿಲೀಟರ್ ಹಿಡಿಯುವಂತಹುದು. ರಾಗಿಯಲ್ಲಿ ಗ್ಲುಟೆನ್ ಇಲ್ಲದ್ದರಿಂದ ಪ್ಯಾನ್‌ಕೇಕ್ ಮೆತ್ತಗಾಗುತ್ತದೆ, ಆದರೆ ಅದೇ ಕಾರಣಕ್ಕೆ ಪ್ರಮಾಣ ಹೆಚ್ಚಿದರೆ ಮಗುಚುವಾಗ ಒಡೆಯುತ್ತದೆ. ರಾಗಿ ಹಿಟ್ಟನ್ನು ಸಣ್ಣ ಉರಿಯಲ್ಲಿ ಘಮ್ಮೆನ್ನುವವರೆಗೆ ಹುರಿದು ಪೂರ್ತಿ ಆರಿಸಿಕೊಂಡರೆ ಹಸಿ ವಾಸನೆ ಹೋಗುತ್ತದೆ. ಈ ಒಂದು ಕೆಲಸವನ್ನು ಸೋಮಾರಿತನದಿಂದ ಬಿಟ್ಟವರೇ ರಾಗಿ ರುಚಿಯಿಲ್ಲವೆಂದು ದೂರುವವರು.

ಈ ಹಿಟ್ಟುಗಳಿಗೆ ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಟೀ ಚಮಚ ಅಡುಗೆ ಸೋಡಾ, ಅಷ್ಟೇ ಉಪ್ಪು, ಎರಡು ದೊಡ್ಡ ಚಮಚ ಬೆಲ್ಲದ ಪುಡಿ ಹಾಕಿ ಜರಡಿ ಹಿಡಿಯಬೇಕು; ಜರಡಿಯಲ್ಲಿ ಉಳಿದ ತೌಡನ್ನು ಎಸೆಯದೆ ಮತ್ತೆ ಸೇರಿಸಬೇಕು. ಇನ್ನೊಂದು ಪಾತ್ರೆಯಲ್ಲಿ 1 ಬಟ್ಟಲು ಹುಳಿ ಮೊಸರನ್ನು ಕಡೆದು, ಅರ್ಧ ಬಟ್ಟಲು ಹಾಲು, ಕರಗಿಸಿ ಆರಿದ ಎರಡು ದೊಡ್ಡ ಚಮಚ ಬೆಣ್ಣೆ ಹಾಗೂ ಸಿಪ್ಪೆ ಕಪ್ಪಾಗುವಷ್ಟು ಕಳಿತ ಎರಡು ಏಲಕ್ಕಿ ಬಾಳೆಹಣ್ಣನ್ನು ಕಿವುಚಿ ಬೆರೆಸಬೇಕು. ನಮ್ಮದು ಮೊಟ್ಟೆ ಬಳಸದ ಮನೆಯಾದ್ದರಿಂದ ಬಾಳೆಹಣ್ಣು ಆ ಹಿಡಿತದ ಕೆಲಸ ಮಾಡುತ್ತದೆ. ಬಳಸುವವರು ಬಾಳೆಹಣ್ಣಿನ ಬದಲಿಗೆ ಒಂದು ಮೊಟ್ಟೆಯನ್ನು ಧಾರಾಳವಾಗಿ ಹಾಕಬಹುದು. ಸೋಡಾ ಮಾತ್ರ ಅಳತೆ ಮೀರಬಾರದು, ಏಕೆಂದರೆ ಒಂದು ಬಟ್ಟಲು ಮೊಸರಿನ ಹುಳಿಗೆ ಅರ್ಧ ಟೀ ಚಮಚಕ್ಕಿಂತ ಹೆಚ್ಚಿನ ಸೋಡಾವನ್ನು ಅಡಗಿಸುವ ಶಕ್ತಿಯಿಲ್ಲ, ಉಳಿದದ್ದು ಸಾಬೂನಿನ ರುಚಿಯಾಗಿ ನಾಲಿಗೆಗೆ ಹತ್ತುತ್ತದೆ.

ಬೆಂಗಳೂರಿನ ಹವೆಯನ್ನೂ ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಏಪ್ರಿಲ್ ತಿಂಗಳಲ್ಲಿ ಬೆಳಿಗ್ಗೆಯ ಮೊಸರು ಸಂಜೆಗೇ ಹುಳಿಯಾಗುತ್ತದೆ. ಡಿಸೆಂಬರಿನ ಚಳಿಯಲ್ಲಾದರೋ ಎರಡನೆಯ ದಿನಕ್ಕೂ ಸಿಹಿಯಾಗಿಯೇ ಇರುವುದುಂಟು, ಆಗ ಒಂದು ಚಮಚ ನಿಂಬೆರಸ ಹಿಂಡಿಕೊಳ್ಳುವುದು ಒಳ್ಳೆಯದು. ಮಳೆಗಾಲದಲ್ಲಿ ಬೇಕಿಂಗ್ ಪೌಡರ್ ತೇವ ಹೀರಿ ಸತ್ತುಹೋಗಿರಬಹುದು. ಅರ್ಧ ಚಮಚವನ್ನು ಬಿಸಿನೀರಿಗೆ ಹಾಕಿದರೆ ಭರಭರನೆ ನೊರೆಯೇಳಬೇಕು, ಏಳದಿದ್ದರೆ ಆ ಡಬ್ಬಿಯ ಮೇಲೆ ನಂಬಿಕೆ ಬೇಡ.

ಕಲಸಿದ ಮೇಲೆ ಹತ್ತು ನಿಮಿಷ, ಅಷ್ಟೇ, ಬಿಡಬೇಕು. ಗಿರಣಿಯ ಗೋಧಿ ಹಿಟ್ಟು ಮೈದಾಕ್ಕಿಂತ ಹೆಚ್ಚು ನೀರು ಕುಡಿಯುವುದರಿಂದ ಅಷ್ಟರಲ್ಲಿ ಅದು ಗಟ್ಟಿಯಾಗಿರುತ್ತದೆ. ಸೌಟು ಎತ್ತಿದರೆ ಇಡ್ಲಿ ಹಿಟ್ಟಿನಂತೆ ನಿಧಾನವಾಗಿ ಜಾರುವಷ್ಟು ಹಾಲನ್ನು ಒಂದೊಂದೇ ಚಮಚ ಸೇರಿಸಿ ಹದ ಮಾಡಿಕೊಳ್ಳಬೇಕು. ಕಲಕುವುದು ಬೇಡ, ಅಂಚಿನಿಂದ ಒಮ್ಮೆ ಮಡಚಿದರೆ ಸಾಕು.

ಕಾವಲಿಯ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಬೀಡಿನ ಕಾವಲಿಯನ್ನು ಸಣ್ಣ ಉರಿಗಿಂತ ಸ್ವಲ್ಪ ಮೇಲಿಟ್ಟು ಐದು ನಿಮಿಷ ಕಾಯಿಸಿ, ನೀರಿನ ಹನಿ ಚಿಮುಕಿಸಿದರೆ ಅದು ಕುಣಿದು ಆರಬೇಕು. ಎಣ್ಣೆಯನ್ನು ಬಟ್ಟೆಯ ತುಂಡಿನಲ್ಲಿ ಒರೆಸಿದಷ್ಟೇ ಸಾಕು. ಬೆಣ್ಣೆಯಲ್ಲಿರುವ ಹಾಲಿನ ಅಂಶ ಸೀದು ಕರಿ ಚುಕ್ಕೆ ಬೀಳುತ್ತದೆ, ತುಪ್ಪವಾದರೆ ಆ ಭಯವಿಲ್ಲ. ಕಾಲು ಬಟ್ಟಲು ಹಿಟ್ಟನ್ನು ಒಂದೇ ಕಡೆ ಸುರಿದು ಕೈ ಹಿಂದಕ್ಕೆಳೆದುಕೊಳ್ಳಬೇಕು. ಸೌಟಿನ ಬೆನ್ನಿನಿಂದ ಸವರುವ ಆಸೆಯನ್ನು ತಡೆಯುವುದೇ ನಮ್ಮಂಥವರಿಗೆ ಕಷ್ಟದ ಪರೀಕ್ಷೆ. ಸೆಟ್ ದೋಸೆಗೆ ಮುಚ್ಚುವಂತೆ ಮುಚ್ಚಳವನ್ನೂ ಮುಚ್ಚಬಾರದು. ಎರಡು ಮೂರು ನಿಮಿಷದಲ್ಲಿ ಮೇಲೆದ್ದ ಗುಳ್ಳೆಗಳು ಒಡೆದು ಆ ತೂತುಗಳು ಮತ್ತೆ ತುಂಬಿಕೊಳ್ಳದೆ ಹಾಗೇ ನಿಂತು, ಅಂಚಿನ ಹೊಳಪು ಮಾಸಿದಾಗ ಒಮ್ಮೆ ಮಾತ್ರ ಮಗುಚಿ, ಇನ್ನೊಂದು ಮಗ್ಗುಲನ್ನು ಒಂದೂವರೆ ನಿಮಿಷ ಬೇಯಿಸಬೇಕು. ಮಗುಚಿದ ಮೇಲೆ ಒತ್ತಿದರೆ ಒಳಗಿನ ಗಾಳಿಯೆಲ್ಲ ಹೊರಟು, ಅಷ್ಟು ಹೊತ್ತು ಪಟ್ಟ ಶ್ರಮ ಚಪ್ಪಟೆಯಾಗುತ್ತದೆ. ಮೊದಲನೆಯದು ಕೆಟ್ಟರೆ ಬೇಸರ ಬೇಡ, ಮೊದಲ ದೋಸೆಯಂತೆ ಅದೂ ಕಾವಲಿಯ ಪಾಲು. ಈ ಅಳತೆಗೆ ಎಂಟೊಂಬತ್ತು ಆಗುತ್ತವೆ.

ಬೆಂದವನ್ನು ಹಾಟ್‌ಬಾಕ್ಸಿನಲ್ಲಿ ಒಂದರ ಮೇಲೊಂದು ತುಂಬಿದರೆ ಹಬೆಗೆ ಒದ್ದೆಯಾಗುತ್ತವೆ. ಬಟ್ಟೆ ಹಾಸಿದ ತಟ್ಟೆಯಲ್ಲಿ ಬಿಡಿಬಿಡಿಯಾಗಿ ಇಡಬೇಕು. ಕೆನಡಾದವರು ಇದರ ಮೇಲೆ ಸುರಿಯುವ ಮೇಪಲ್ ಸಿರಪ್, ಸುಮಾರು 40 ಲೀಟರ್ ಮರದ ರಸವನ್ನು ಕುದಿಸಿ 1 ಲೀಟರಿಗೆ ಇಳಿಸಿದ್ದು, ಆದ್ದರಿಂದ ಅದರ ಬೆಲೆಯೂ ಹಾಗೆಯೇ ಇದೆ. ನಮಗೆ ಮಲೆನಾಡಿನ ಜೋನಿ ಬೆಲ್ಲವಿರುವಾಗ ಅದಕ್ಕೇಕೆ ಹಂಬಲಿಸಬೇಕು. ಅದನ್ನು ಬಿಸಿನೀರಿನ ಬಟ್ಟಲಲ್ಲಿಟ್ಟು ತೆಳುಮಾಡಿ, ಚಿಟಿಕೆ ಉಪ್ಪು ಹಾಕಿ ಬೆಣ್ಣೆಯೊಡನೆ ಬಡಿಸಿದರೆ ನನ್ನ ಮೊಮ್ಮಗಳು ಮೂರು ತಿಂದು ನಾಲ್ಕನೆಯದಕ್ಕೆ ತಟ್ಟೆ ಹಿಡಿಯುತ್ತಾಳೆ. ಮಿಕ್ಕಿದ್ದನ್ನು ಆರಿಸಿ ಫ್ರಿಜ್‌ನಲ್ಲಿಟ್ಟರೆ ಎರಡು ದಿನ ಕೆಡುವುದಿಲ್ಲ, ಎಣ್ಣೆ ಹಾಕದ ಕಾವಲಿಯ ಮೇಲೆ ಮಗುಚಿ ಮಗುಚಿ ಬೆಚ್ಚಗೆ ಮಾಡಿಕೊಳ್ಳಬಹುದು.