ಸೆಕೆಂಡಿಗೆ ಅರ್ಧ ಮಿಲಿಮೀಟರ್: ಪುಲ್‌ಬ್ಯಾಕ್ ಸ್ಲೆಡ್ ಕಟ್ಟಿದ ನನ್ನ ಅನುಭವ

ಪುಲ್‌ಬ್ಯಾಕ್ ಸ್ಲೆಡ್ ಎಂದರೆ ರಕ್ತನಾಳದೊಳಗೆ ಅಲ್ಟ್ರಾಸೌಂಡ್ ಚಿತ್ರ ತೆಗೆಯುವ ತೆಳು ಕೊಳವೆಯನ್ನು (ಕ್ಯಾಥೆಟರ್) ಒಂದೇ ವೇಗದಲ್ಲಿ ಹಿಂದಕ್ಕೆ ಎಳೆಯುವ ಜಾರುಗಾಡಿ. ನನ್ನದು ಸರಿಯಾಗಿ ಎಳೆದರೆ ಮೂರು ಮಿಲಿಮೀಟರಿಗೆ 180 ಫ್ರೇಮ್ (ಚಿತ್ರ) ಬರಬೇಕು. ಕಳೆದ ತಿಂಗಳು ಬದಿಯಡ್ಕದ ನಮ್ಮ ಮನೆಯ ಹಟ್ಟಿಯಲ್ಲಿ ಸುಮಾರು ಇಪ್ಪತ್ತು ಸಲ ಎಳೆದು ಎಣಿಸಿದೆ. ಒಮ್ಮೆಯೂ 177ಕ್ಕಿಂತ ಕೆಳಗಿಳಿಯಲಿಲ್ಲ, 183 ದಾಟಲಿಲ್ಲ. ಎರಡು ವರ್ಷ "ಇದು ಮನೆಯಲ್ಲಿ ಆಗುವ ಕೆಲಸವಲ್ಲ" ಎಂದವರಿಗೆಲ್ಲ ಆ ಪಟ್ಟಿಯ ಫೋಟೊ ಕಳುಹಿಸಿದ್ದೇನೆ.

ಕ್ಯಾಥ್‌ಲ್ಯಾಬಿನ (ಆಸ್ಪತ್ರೆಯಲ್ಲಿ ಹೃದಯದ ರಕ್ತನಾಳಗಳನ್ನು ಪರೀಕ್ಷಿಸುವ ಕೋಣೆಯ) ಹುಡುಗರಿಗೆ ಐವಿಯುಎಸ್, ಅಂದರೆ ರಕ್ತನಾಳದೊಳಗಿನ ಅಲ್ಟ್ರಾಸೌಂಡ್, ಕಲಿಸಲು ನನ್ನದೇ ಒಂದು ಮೇಜು ಬೇಕಿತ್ತು. ಹಳೆಯದೊಂದು ಕನ್ಸೋಲ್ (ಚಿತ್ರ ತೋರಿಸುವ ಯಂತ್ರ) ಒಂದು ಲಕ್ಷ ಎಂಬತ್ತು ಸಾವಿರದ ಆಸುಪಾಸಿನಲ್ಲಿ ಸಿಕ್ಕಿತು. ಕ್ಯಾಥೆಟರ್ ತಿರುಗಿಸುವ ಮೋಟಾರು ಘಟಕ ಇತ್ತು, ಹಿಂದಕ್ಕೆ ಎಳೆಯುವ ಸ್ಲೆಡ್ ಇರಲಿಲ್ಲ. ಸ್ಲೆಡ್ ಒಂದಕ್ಕೇ ಮಾರಾಟಗಾರ ಕೇಳಿದ ಬೆಲೆ ಕನ್ಸೋಲಿನದ್ದನ್ನೂ ಮೀರಿತ್ತು. ಅವಧಿ ಮುಗಿದ 40 ಮೆಗಾಹರ್ಟ್ಸ್ ಕ್ಯಾಥೆಟರುಗಳನ್ನು ಪರಿಚಯದವರು ಕೊಟ್ಟರು. ಇಲ್ಲಿ ಬರೆದಿರುವುದೆಲ್ಲ ಮೇಜಿನ ಮೇಲಿನ ಕಲಿಕೆಗೆ. ಈ ಸ್ಲೆಡ್ ಆಗಲಿ, ಆ ಕ್ಯಾಥೆಟರುಗಳಾಗಲಿ ರೋಗಿಯ ಹತ್ತಿರ ಸುಳಿಯಬಾರದು.

ಮೊದಲು ಗೇರ್ ಇರುವ ಡಿ.ಸಿ. ಮೋಟಾರು ಹಾಕಿದೆ. ಹೊರೆ ಸ್ವಲ್ಪ ಏರಿದರೂ ಅದರ ವೇಗ ಕುಸಿಯುತ್ತಿತ್ತು. ಹಲ್ಲಿನ ಬೆಲ್ಟಿನಿಂದ ಎಳೆಸಿದೆ, ಬೆಲ್ಟು ಹಿಗ್ಗಿ ಕುಗ್ಗಿ ಚಿತ್ರ ನಡುಗಿತು. ಮಳೆಗಾಲದಲ್ಲಿ ಜಾರುಸರಳುಗಳಿಗೆ ತುಕ್ಕು ಹಿಡಿದು, ಸ್ಲೆಡ್ ನಿಂತು ನಿಂತು ಹಾರಿತು. ಅಷ್ಟರಲ್ಲಿ ಹದಿನಾಲ್ಕೋ ಹದಿನೈದೋ ಸಾವಿರ ಕರಗಿತ್ತು.

ಆಮೇಲೆ ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸ್ಟೆಪ್ಪರ್ ಮೋಟಾರು ಮತ್ತು ಪೇಟೆಯಲ್ಲಿ ಸಿಗುವ ಎಂ8 ಮರೆಯ (ತಿರುಪಿನ ಸುರುಳಿ ಗೆರೆಯ) ಸರಳು. ಅದರ ಪಿಚ್ (ಒಂದು ಸುತ್ತಿಗೆ ನಟ್ಟು ಸರಿಯುವ ದೂರ) 1.25 ಮಿ.ಮೀ. ಅಂದರೆ ಮೋಟಾರು ನಿಮಿಷಕ್ಕೆ 24 ಸುತ್ತು ತಿರುಗಿದರೆ ಸೆಕೆಂಡಿಗೆ ಅರ್ಧ ಮಿಲಿಮೀಟರ್. ಸೀತಾಂಗೋಳಿಯಲ್ಲಿ ಲೇತ್ ಇಟ್ಟಿರುವ ನನ್ನ ಭಾವ ಅಡಿಕೆ ಸುಲಿಯುವ ಯಂತ್ರಗಳ ರಿಪೇರಿಯಲ್ಲಿ ಎತ್ತಿದ ಕೈ. ಸರಳನ್ನು ಬೆಳಕಿಗೆ ಹಿಡಿದು ನೋಡಿದವರೇ, "ಭಾವಾ, ಇದು ಶೀಟು ಬಿಗಿಯುವ ಸರಳು. ಹದಿನೆಂಟು ಸಾವಿರ ಹಾಕಿ ಬಾಲ್ ಸ್ಕ್ರೂ ತರಿಸಿ, ಇಲ್ಲದಿದ್ದರೆ ಬಿಟ್ಟುಬಿಡಿ" ಎಂದರು. ಬಾಲ್ ಸ್ಕ್ರೂ ಎಂದರೆ ಗುಂಡುಗಳ ಮೇಲೆ ಉರುಳುವ ನಿಖರವಾದ ತಿರುಪು. ನಾನು ಬಿಡಲಿಲ್ಲ.

ಅಳೆಯುವುದಕ್ಕೆ ನಾನು ಮಾಡಿಕೊಂಡ ಉಪಾಯದ ಬಗ್ಗೆ ನನಗೆ ಹೆಮ್ಮೆಯಿದೆ. ಎಂ6 ಬೋಲ್ಟಿನ ಮರೆಗಳ ಅಂತರ ಸರಿಯಾಗಿ 1 ಮಿ.ಮೀ. ನೀರಿನ ತೊಟ್ಟಿಯಲ್ಲಿ ಎರಡು ಉದ್ದ ಎಂ6 ಬೋಲ್ಟುಗಳನ್ನು ಸಮಾನಾಂತರವಾಗಿ ಕೂರಿಸಿ, ಐದೈದು ಮರೆಗೊಂದರಂತೆ ಮೀನಿನ ಗಾಳದ ನೈಲಾನ್ ನೂಲನ್ನು ಬಿಗಿದೆ. ಕ್ಯಾಥೆಟರ್ ಆ ನೂಲುಗಳ ಕೆಳಗೆ ಒಂದೆರಡು ಮಿಲಿಮೀಟರ್ ದೂರದಲ್ಲಿ ಹಾದುಹೋಗುತ್ತದೆ, ಪ್ರತಿ ನೂಲೂ ತೆರೆಯ ಮೇಲೆ ಬಿಳಿಯ ಗೆರೆಯಾಗಿ ಮಿಂಚಿ ಮಾಯವಾಗುತ್ತದೆ. ಕ್ಯಾಥೆಟರ್ ತಿರುಗಿಸುವ ಮೋಟಾರು ನಿಮಿಷಕ್ಕೆ 1800 ಸುತ್ತು, ಸುತ್ತಿಗೊಂದು ಫ್ರೇಮ್, ಅಂದರೆ ಸೆಕೆಂಡಿಗೆ 30 ಫ್ರೇಮ್; ಐದು ಮಿಲಿಮೀಟರಿಗೆ 300. ನೀರನ್ನು ಕುದಿಸಿ ಆರಿಸಿ ಹಾಕಬೇಕು, ಇಲ್ಲದಿದ್ದರೆ ನೂಲಿನ ಮೇಲೆಲ್ಲ ಗುಳ್ಳೆ ಕೂರುತ್ತದೆ.

ಎಂ8 ಸರಳಿನಲ್ಲಿ ಎಣಿಸಿದರೆ 299, 301, 300. ಆ ರಾತ್ರಿ ಮನೆಯಲ್ಲಿ ಪಾಯಸ ಮಾಡಿಸಿದೆ. ಆದರೆ ಉದ್ದ ಸೀಳಿನ ಚಿತ್ರ (ಫ್ರೇಮುಗಳನ್ನು ಸಾಲಾಗಿ ಜೋಡಿಸಿ ಉದ್ದಕ್ಕೆ ಸೀಳಿದಂತೆ ತೋರಿಸುವುದು) ತೆರೆದಾಗ ಅಂಚುಗಳು ಅಲೆ ಅಲೆಯಾಗಿಯೇ ಇದ್ದವು. ಎರಡು ವಾರ ಕನ್ಸೋಲನ್ನೇ ಸಂಶಯಿಸಿದೆ. ತಪ್ಪು ನನ್ನ ಅಳತೆಗೋಲಿನಲ್ಲಿತ್ತು. ಐದು ಮಿಲಿಮೀಟರ್ ಎಂದರೆ 1.25ರ ಸರಿಯಾಗಿ ನಾಲ್ಕು ಸುತ್ತು. ಸರಳಿನ ಸೊಟ್ಟದಿಂದಾಗಿ ಪ್ರತಿ ಸುತ್ತಿನಲ್ಲೂ ಸ್ಲೆಡ್ ಒಮ್ಮೆ ಮುಂದೋಡಿ ಒಮ್ಮೆ ಹಿಂದುಳಿಯುತ್ತಿತ್ತು, ಆದರೆ ನೂಲು ಸಿಗುವ ಹೊತ್ತಿಗೆ ಪ್ರತಿಸಲವೂ ಲೆಕ್ಕ ಚುಕ್ತಾ. ನೂಲುಗಳನ್ನು ಬಿಚ್ಚಿ ಮೂರು ಮಿಲಿಮೀಟರಿಗೊಂದರಂತೆ ಕಟ್ಟಿದೆ. ಬಣ್ಣ ಬಯಲಾಯಿತು: 180 ಇರಬೇಕಾದಲ್ಲಿ 170, 189, 174. ಸ್ಲೆಡ್ ಪರೀಕ್ಷಿಸುವವರು ನೂಲಿನ ಅಂತರ ಪಿಚ್ಚಿನ ಪೂರ್ಣ ಗುಣಕವಾಗದಂತೆ ನೋಡಿಕೊಳ್ಳಿ. ನನಗೆ ಇದನ್ನು ಯಾರೂ ಹೇಳಿರಲಿಲ್ಲ.

ಪರಿಹಾರ ಬಾಲ್ ಸ್ಕ್ರೂ ಅಲ್ಲ. ನಟ್ಟನ್ನು ಸ್ಲೆಡ್ಡಿಗೆ ಬಿಗಿಯುವುದನ್ನೇ ಬಿಟ್ಟೆ. ಈಗ ನಟ್ಟು ಸೈಕಲ್ ಬೇರಿಂಗಿನ ಒಂದು ಉಕ್ಕಿನ ಗುಂಡಿನ ಮೂಲಕ ಮಾತ್ರ ಸ್ಲೆಡ್ಡನ್ನು ತಳ್ಳುತ್ತದೆ. ಸರಳು ಎಷ್ಟು ಓಲಾಡಿದರೂ ಓಲಾಟ ದಾಟುವುದಿಲ್ಲ. ಎದುರಿನಿಂದ ಒಂದು ರಾಟೆಯ ಮೇಲೆ ಅರ್ಧ ಕಿಲೋ ತೂಕದ ಬಟ್ಟು ಇಳಿಬಿಟ್ಟಿದ್ದೇನೆ. ಅದು ಸ್ಲೆಡ್ಡನ್ನು ಸದಾ ಒಂದೇ ಕಡೆಗೆ ಜಗ್ಗುವುದರಿಂದ ಮರೆಯ ಸಡಿಲ ಲೆಕ್ಕಕ್ಕೇ ಬರುವುದಿಲ್ಲ. ನಟ್ಟು ತಿರುಗದಂತೆ ತಡೆಯುವ ತೋಳಿನ ಆಕಾರ, ಅದಕ್ಕೆ ಸವರುವ ಜಿಡ್ಡು, ಇವೆರಡನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅವಕ್ಕೆ ಒಂದು ಇಡೀ ಮಳೆಗಾಲ ಕೊಟ್ಟಿದ್ದೇನೆ. ಗುಂಡು, ರಾಟೆ, ಬಟ್ಟು, ಭಾವನ ಕೂಲಿ ಸೇರಿ ಎರಡು ಸಾವಿರ ದಾಟಲಿಲ್ಲ. ಕೆಲಸಕ್ಕೆ ಬಂದ ಸಾಮಾನಿನ ಲೆಕ್ಕ ಮಾತ್ರ ಹಿಡಿದರೆ ಇಡೀ ಸ್ಲೆಡ್ ಆರೂವರೆ ಸಾವಿರ.

ಸ್ಲೆಡ್ ಸರಿಯಾದ ಮೇಲೂ ಮೊದಲ ಎರಡು ನೂಲುಗಳ ನಡುವೆ ಮಾತ್ರ ಫ್ರೇಮ್ ಹೆಚ್ಚು ಬರುತ್ತಿತ್ತು. ಕ್ಯಾಥೆಟರಿನ ಹೊರಕೊಳವೆ ವೈ ಕನೆಕ್ಟರಿನ (ಕ್ಯಾಥೆಟರ್ ಒಳಹೋಗುವ ಕವಲು ಜೋಡಣೆಯ) ಹಿಂದೆ ಜೋತುಬಿದ್ದಿತ್ತು. ಸ್ಲೆಡ್ ಮೊದಲು ಆ ಜೋತನ್ನು ಎಳೆದು ಮುಗಿಸಿ, ಆಮೇಲಷ್ಟೇ ತುದಿಯನ್ನು ಎಳೆಯುತ್ತಿತ್ತು. ಟೆಲಿಸ್ಕೋಪಿನ (ಕ್ಯಾಥೆಟರಿನ ಹಿಂಬದಿಯಲ್ಲಿ ಒಂದರೊಳಗೊಂದು ಜಾರುವ ಕೊಳವೆಗಳ) ಮುಂಭಾಗವನ್ನು ಗಟ್ಟಿಯಾಗಿ ಹಿಡಿಸಿ, ಎಲ್ಲವನ್ನೂ ಒಂದೇ ಗೆರೆಗೆ ತಂದೆ. ವೈ ಕನೆಕ್ಟರಿನ ಬಿಗಿ ಅತಿಯಾದರೆ ಒಳಗಿನ ತಂತಿ ಹಿಸುಕಿಕೊಂಡು ತಿರುಗುವುದೇ ತೊಡರುತ್ತದೆ, ಚಿತ್ರ ಒಂದು ಮಗ್ಗುಲಿಗೆ ಹಿಂಜಿಕೊಳ್ಳುತ್ತದೆ. ನೀರು ಜಿನುಗದಷ್ಟು ಬಿಗಿ ಸಾಕು.

ನಡುವೆ ಕುತೂಹಲಕ್ಕೆ, ತಿರುಗಿಸದೆ ಬರೀ ಎಳೆದು ಮೊಬೈಲಿನಲ್ಲಿ ಚಿತ್ರೀಕರಿಸಿದೆ. ಬಾಗಿದ ಕೊಳವೆಯಲ್ಲಿ ತುದಿ ನಿಂತು ನಿಂತು ಜಿಗಿಯಿತು. ತಿರುಗಿಸುತ್ತ ಎಳೆದರೆ ನುಣ್ಣಗೆ ಬಂತು. ಹಸಿಮಣ್ಣಿನಿಂದ ಗೂಟ ಕೀಳುವಾಗ ತಿರುಚಿ ಎಳೆಯುತ್ತೇವಲ್ಲ, ಅದೇ. ಇನ್ನೊಂದು ದಿನ ನಿಮಿಷಕ್ಕೆ ಎಪ್ಪತ್ತು ಸಲ ತೊಟ್ಟಿಯನ್ನೇ ಎರಡು ಮಿಲಿಮೀಟರ್ ಹಿಂದೆ ಮುಂದೆ ಆಡಿಸಿದೆ, ಹೃದಯದ ಬಡಿತದಂತೆ. ಒಂದೇ ನೂಲು ಹಲವು ಸಲ ಮುಖ ತೋರಿಸಿತು. ಸ್ಲೆಡ್ ಎಷ್ಟು ಸಮವಾಗಿ ಸರಿದರೂ ಬಡಿಯುವ ಹೃದಯದೊಳಗೆ ತುದಿ ಹಾಗೆ ಸರಿಯುವುದಿಲ್ಲ ಎಂಬುದನ್ನು ಹುಡುಗರಿಗೆ ಈಗ ಬಾಯಲ್ಲಿ ಹೇಳಬೇಕಾಗಿಲ್ಲ, ತೊಟ್ಟಿ ಆಡಿಸಿ ತೋರಿಸುತ್ತೇನೆ.

ಭಾವ ಮೊನ್ನೆ ಬಂದು ತಾವೇ ಕೂತು ಎಣಿಸಿದರು. 179, 181, 180. ಮಾತಾಡದೆ ಗುಂಡನ್ನು ಬೆರಳಿನಿಂದ ಮುಟ್ಟಿ ನೋಡಿ, "ಇನ್ನೊಂದು ಮಾಡುವುದಾದರೆ ಸರಳು ನಾನೇ ಕಡೆದು ಕೊಡುತ್ತೇನೆ" ಎಂದರು. ಈಗ ಸೆಕೆಂಡಿಗೆ 1 ಮಿ.ಮೀ. ವೇಗದ ಕೆಲಸ ನಡೆದಿದೆ. ಅಲ್ಲಿ ಮೂರು ಮಿಲಿಮೀಟರಿಗೆ 90 ಬರಬೇಕು; ಸದ್ಯ 86ರಿಂದ 93ರವರೆಗೆ ಆಡುತ್ತಿದೆ.